ಎಂಜಲು ಹೂವು

ವಿಶ್ವನಾಥ ಬುಟ್ಟಿಯನ್ನು ಕೈಯಿಂದ ಮುಟ್ಟಲೂ ಇಲ್ಲ. ಕಾಲಿನ ಹೆಬ್ಬೆರಳಿನಿಂದ ಅದರ ಅಂಚನ್ನು ಮೆಲ್ಲಗೆ ಆಚೆ ನೂಕಿದ.

“ಬೇಡ ಮಾರಾಯ್ತಿ. ಎಂಜಲು ಹೂವು ನಂಗೆ ಬೇಡ.”

ಭಟ್ಕಳ ಪೇಟೆಯ ಹೂವಿನ ಕಟ್ಟೆಯ ಮೇಲೆ ಆಗಿನ್ನೂ ಬೆಳಕು ಸರಿಯಾಗಿ ಬಿದ್ದಿರಲಿಲ್ಲ. ಹೊನ್ನಾವರ, ಕುಮಟೆಯ ಕಡೆಗೆ ಹೋಗುವ ಮೊದಲ ಬಸ್ಸಿಗೆ ಹೂವು ಹತ್ತಿಸಬೇಕೆಂದು ಬೆಳೆಗಾರರೆಲ್ಲ ಬುಟ್ಟಿ ಹಿಡಿದು ಸುತ್ತ ನಿಂತಿದ್ದರು. ಮಾಲತಿಯೂ ಮುಟ್ಟಳ್ಳಿಯಿಂದ ಗಂಡನ ಸ್ಕೂಟರಿನ ಹಿಂದೆ ಕೂತು, ಒದ್ದೆ ಬಾಳೆಲೆ ಮುಚ್ಚಿದ ಬುಟ್ಟಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಮದುವೆಯಾಗಿ ಬಂದ ವರ್ಷದಿಂದ ಇದೇ ಕಟ್ಟೆಗೆ, ಇದೇ ವಿಶ್ವನಾಥನಿಗೆ ಮಲ್ಲಿಗೆ ಹಾಕುತ್ತಿದ್ದವಳು. ಮೊಗ್ಗು ಸಣ್ಣದೆಂದು ಅವನು ಮೂತಿ ತಿರುವುವುದು, ತೊಟ್ಟು ಉದ್ದವೆಂದು ಗೊಣಗುವುದು ಯಾವುದೂ ಹೊಸದಲ್ಲ. ಆದರೆ ಕಾಲು? ಹೂವಿಗೆ ಕಾಲು?

“ಎಂತ ಎಂಜಲು ವಿಶ್ವಣ್ಣ? ಯಾರ ಎಂಜಲು?”

“ಹುಳದ್ದು! ಮತ್ತೆ ಯಾರದ್ದು? ಊರಿಗೆಲ್ಲ ಗೊತ್ತು. ಹುಳದ ಎಂಜಲನ್ನ ಪಂಪಿಗೆ ತುಂಬಿ ಗಿಡಕ್ಕೆ ಹೊಡೀತ್ರಂತೆ ನೀವು. ಇದು ದೇವಸ್ಥಾನಕ್ಕೆ ಹೋಗೂ ಹೂವು. ನಾಳೆ ಭಟ್ಟರು ಕೇಳಿದ್ರೆ ನಾ ಎಂತ ಹೇಳೂದು?”

“ಎಂಜಲಲ್ಲ ಅದು. ಎಂಜೈಮು.”

“ಅದೇ ಆತಲೇ. ‘ಎಂಜ’ ತನಕ ಎರಡೂ ಒಂದೇ.”

ಕಟ್ಟೆಯ ಸುತ್ತ ನಗು ಹೊಮ್ಮಿತು. ಪಕ್ಕದ ಮನೆಯ ಕಮಲಿ ಮಾತ್ರ ನಗಲಿಲ್ಲ. ತನ್ನ ಬುಟ್ಟಿಯೊಳಗೆ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು. ಮಾಲತಿ ಬಗ್ಗಿ, ಅವನ ಹೆಬ್ಬೆರಳು ತಾಗಿದ ಜಾಗವನ್ನು ಎಲ್ಲರಿಗೂ ಕಾಣುವಂತೆ ಸೆರಗಿನಿಂದ ಒರೆಸಿ, ಬುಟ್ಟಿ ಎತ್ತಿಕೊಂಡು ಹೊರಟಳು. ಗಂಡ ಗಣಪ ಅವಳನ್ನು ಇಳಿಸಿ ಬಂದರಿಗೆ ಕೆಲಸಕ್ಕೆ ಹೋಗಿಯಾಗಿತ್ತು. ಬಸ್ಸಿನಲ್ಲಿ ಕೂತಾಗ ಬಾಳೆಲೆಯ ಸಂದಿಯಿಂದ ಮೊಗ್ಗುಗಳು ಒಂದೊಂದಾಗಿ ಬಾಯಿ ಬಿಡತೊಡಗಿದ್ದು ಕಂಡಿತು. ಮಲ್ಲಿಗೆ ಯಾರನ್ನೂ ಕಾಯುವುದಿಲ್ಲ. ಬಿಸಿಲು ಏರಿದರೆ ಅರಳುತ್ತದೆ, ಅರಳಿದರೆ ಅದನ್ನು ಕೇಳುವವರಿಲ್ಲ.

ಅವಳ ಸಿಟ್ಟು ಯಾಕೆ ಅಷ್ಟು ಆಳಕ್ಕೆ ಇಳಿಯಿತೆಂದು ತಿಳಿಯಬೇಕಾದರೆ ಹೂವು ಕೊಯ್ಯುವವರ ರೀತಿ ಗೊತ್ತಿರಬೇಕು.

ಮಲ್ಲಿಗೆಗೆ ಮೊಗ್ಗಿನ ಹುಳದ ಕಾಟ. ಕಪ್ಪು ತಲೆಯ, ತಿಳಿ ಹಸಿರು ಮೈಯ ಸಣ್ಣ ಹುಳ. ಮೊಗ್ಗಿಗೆ ಸೂಜಿ ಚುಚ್ಚಿದಂತೆ ತೂತು ಮಾಡಿ ಒಳಗಿನ ಎಸಳನ್ನು ತಿಂದು ಪೊಳ್ಳು ಮಾಡುತ್ತದೆ. ಅದು ಬಾಯಿ ಹಾಕಿದ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಒಣಗುತ್ತದೆ. ಅದಕ್ಕೆಂದೇ ಎಲ್ಲರ ಮನೆಯಲ್ಲೂ ಒಂದು ಬಾಟ್ಲಿ ಇರುತ್ತದೆ, ಅದನ್ನು ಯಾರೂ ವಿಷ ಎನ್ನುವುದಿಲ್ಲ, ಔಷಧಿ ಎನ್ನುತ್ತಾರೆ. ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂದು ಬಾಟ್ಲಿಯ ಮೇಲೆ ಬರೆದಿರುತ್ತದೆ. ದಿನಾ ಮೊಗ್ಗು ಬಿಡುವ ಗಿಡದ ಎದುರು ಆ ಮಾತಿಗೆ ಏನರ್ಥ? ಸಂಜೆ ಔಷಧಿ, ಬೆಳಗಾಗುವ ಮೊದಲು ಕೊಯ್ಲು. ಬಿಸಿಲೇರುವಷ್ಟರಲ್ಲಿ ಹೂವು ಯಾರದೋ ಜಡೆಯಲ್ಲಿ, ಯಾವುದೋ ಮದುಮಗಳ ಕುತ್ತಿಗೆಯಲ್ಲಿ, ಯಾವುದೋ ದೇವರ ಮುಡಿಯಲ್ಲಿ. ಅದನ್ನು ಯಾರೂ ಏನೂ ಕೇಳಿದ್ದಿಲ್ಲ. ಆಗ ಹೂವು ಮಡಿ.

ಇನ್ನೊಂದು ರೀತಿಯಿದೆ. ಕೊಯ್ಯುವವರು ಹೂವನ್ನು ಮೂಸಬಾರದು. ಮೂಸಿದರೆ ಎಂಜಲಾಯಿತು, ದೇವರಿಗೆ ಆಗುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಹೇಳಿಕೊಟ್ಟ ಮೊದಲ ಮಾತೇ ಅದು. ಅಂದಿನಿಂದ ಮಾಲತಿ ಮುಖ ಒಂದು ಬದಿಗೆ ತಿರುಗಿಸಿಕೊಂಡೇ ಕೊಯ್ದಳು, ಮುಖ ಒಂದು ಬದಿಗೆ ತಿರುಗಿಸಿಕೊಂಡೇ ದಂಡೆ ಕಟ್ಟಿದಳು. ಮಗಳು ಸಂಪದಾ ಚಿಕ್ಕವಳಿದ್ದಾಗ ಒಮ್ಮೆ ಹಿಡಿ ಮೊಗ್ಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದಳೆಂದು ಬೆನ್ನಿಗೆ ಒಂದು ಬಾರಿಸಿದ್ದೂ ಉಂಟು. ಕೂಸು ಅತ್ತಿತ್ತು. ಅವತ್ತಿನಿಂದ ಸಂಪದಾ ಕೂಡ ಮುಖ ತಿರುಗಿಸಿಯೇ ಕೊಯ್ಯುತ್ತಾಳೆ, ಶಾಲೆಗೆ ಹೋಗುವ ಮೊದಲು.

ಹೋದ ವರ್ಷ ಆ ಹುಡುಗಿಯ ಬೆರಳ ಸಂದಿಯಲ್ಲಿ ಚರ್ಮ ಬಿರಿಯಿತು. ಮುಲಾಮು ಹಚ್ಚಿದರೆ ನಾಲ್ಕು ದಿನ ಒಣಗುವುದು, ಮತ್ತೆ ಬಿರಿಯುವುದು. ಪೆನ್ಸಿಲ್ ಹಿಡಿಯಲಾರದೆ ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಳು. ಬೆಳಗಿನ ಹೊತ್ತು ಕೆಮ್ಮು. ಕೊಯ್ಯಲು ಬರಬೇಡ ಎಂದರೆ, “ನೀನೊಬ್ಬಳೇ ಹೇಗೆ ಮುಗಿಸ್ತೆ?” ಎಂದು ಲಂಗ ಎತ್ತಿಕಟ್ಟಿ ಬಂದೇ ಬರುವಳು. ಮಾಲತಿಯ ಕೈಯೂ ಹಾಗೆಯೇ ಇತ್ತು. ಆದರೆ ತಾಯಂದಿರ ಕೈ ಇರುವುದೇ ಹಾಗೆ ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು.

ಒಂದು ದಿನ ಶಾಲೆಯಿಂದ ಬಂದ ಸಂಪದಾ ಜಂಭದಿಂದ ಹೇಳಿದಳು: “ಅಮ್ಮಾ, ನಮ್ಮ ಕ್ಲಾಸಿನ ದೀಪಾ ಅವರ ಮನೆಯದ್ದು ಹೇಳಿ ಮಲ್ಲಿಗೆ ತಂದಿತ್ತು. ನಾ ಮೂಸಿ ನೋಡ್ದೆ. ಇದು ಮಲ್ಲಿಗೆಯೇ ಅಲ್ಲ ಅಂದೆ. ಮಲ್ಲಿಗೆದು ವಾಸ್ನೆ ನಂಗೆ ಗೊತ್ತಿಲ್ವಾ? ಔಷಧಿ ವಾಸ್ನೆ ಬರಬೇಕಲ್ಲ!”

ಒಲೆಯ ಮುಂದೆ ಕೂತಿದ್ದ ಮಾಲತಿಗೆ ಕೈಯಲ್ಲಿದ್ದ ಸೌಟು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಲ್ಲಿಗೆಯ ತೋಟದಲ್ಲೇ ಹುಟ್ಟಿ ಬೆಳೆದ ಕೂಸಿಗೆ ಮಲ್ಲಿಗೆಯ ಘಮ ಗೊತ್ತಿಲ್ಲ.

ಅಮೂಲ್ಯಾ ಬಂದದ್ದು ಆ ದಿನಗಳಲ್ಲೇ. ಕುಮಟೆ ಕಡೆಯ ಅಡಿಕೆ ತೋಟದ ಮನೆಯ ಹುಡುಗಿ, ಓದಿ ಹುಳಗಳ ಮೇಲೆ ಸಂಶೋಧನೆ ಮಾಡುವವಳು. ಹಾಲಿನ ಡೈರಿಯ ಜಗುಲಿಯಲ್ಲಿ ಊರವರನ್ನು ಕೂರಿಸಿ ಒಂದು ಬಿಳಿ ಡಬ್ಬ ತೋರಿಸಿದಳು.

“ಹುಳಕ್ಕೆ ಬೆಳೀಲಿಕ್ಕೆ ಪೊರೆ ಬಿಡಬೇಕು. ಹಳೆ ಪೊರೆ ಕರಗಿಸ್ಲಿಕ್ಕೆ ಅದರ ಮೈಯಲ್ಲೇ ಒಂದು ರಸ ಹುಟ್ತದೆ. ಅದಕ್ಕೆ ಎಂಜೈಮ್ ಅಂತಾರೆ, ಕನ್ನಡದಲ್ಲಿ ಕಿಣ್ವ. ಅದೇ ರಸವನ್ನ ನಾವು ಲ್ಯಾಬಲ್ಲಿ ಬೆಳೆಸಿ ಮೊಗ್ಗಿನ ಮೇಲೆ ಹೊಡೆದ್ರೆ, ಹುಳ ಮೊಗ್ಗಿನ ಜೊತೆ ಅದನ್ನೂ ತಿಂತದೆ. ಹೊಟ್ಟೆಯೊಳಗಿನ ತೆಳು ಪೊರೆ ಕರಗಿ ಹೋಗ್ತದೆ. ಮತ್ತೆ ತಿನ್ನಲಿಕ್ಕೆ ಆಗೂದಿಲ್ಲ. ಅದರ ಕತ್ತರಿಯಿಂದ ಅದರದ್ದೇ ಅಂಗಿ ಕತ್ತರಿಸಿದ ಹಾಗೆ. ನಮ್ಮ ಮೈಯಲ್ಲಿ ಅಂಥ ಪೊರೆಯೇ ಇಲ್ಲ, ಹಾಗಾಗಿ ನಮಗೇನೂ ಆಗೂದಿಲ್ಲ.”

ಯಾರ ಮುಖದಲ್ಲೂ ಏನೂ ಹೊಳೆಯಲಿಲ್ಲ. ಪಾಪ, ಹುಡುಗಿ ಇನ್ನಷ್ಟು ಸುಲಭ ಮಾಡಲು ಹೋದಳು.

“ಅನ್ನ ತುಂಬ ಹೊತ್ತು ಅಗಿದ್ರೆ ಸಿಹಿ ಆಗ್ತದಲ್ಲ? ಯಾಕೆ ಹೇಳಿ? ನಮ್ಮ ಎಂಜಲಲ್ಲೂ ಎಂಜೈಮ್ ಇದೆ. ಹಾಗೇ ಇದು.”

ಜಗುಲಿಯ ತುದಿಯಲ್ಲಿ ಕೂತಿದ್ದ ಕಿವಿ ಮಂದದ ತಿಮ್ಮಿ ಅಜ್ಜಿ ಪಕ್ಕದವಳನ್ನು ತಿವಿದು, “ಎಂತಂತೆ? ಹುಳದ ಎಂಜಲಾ?” ಎಂದಳು. ಎಲ್ಲರೂ ನಕ್ಕರು, ಅಮೂಲ್ಯಾಳೂ ನಕ್ಕಳು. ಮಾಲತಿ ನಗುತ್ತಲೇ ಕೈ ಎತ್ತಿ, “ನಮ್ಮ ಗಿಡಕ್ಕೆ ಹೊಡೀರಿ ಮೇಡಂ” ಎಂದಳು.

ಹುಳ ಒಂದೇ ದಿನಕ್ಕೆ ಸಾಯಲಿಲ್ಲ. ಬಿಸಿಲಿಗೆ ಕೆಡುತ್ತದೆಂದು ಸೂರ್ಯ ಇಳಿದ ಮೇಲೇ ಹೊಡೆಯಬೇಕಿತ್ತು, ಬಾಟ್ಲಿಯದಕ್ಕಿಂತ ಹೆಚ್ಚು ಸಲ ಹೊಡೆಯಬೇಕಿತ್ತು. ಮೊದಮೊದಲು ನೇರಳೆ ಮೊಗ್ಗು ಕಂಡಾಗಲೆಲ್ಲ ಗಣಪ ಹಲ್ಲು ಕಡಿಯುತ್ತಿದ್ದ. ಆಮೇಲೆ ಹುಳಗಳು ತಿನ್ನುವುದು ಬಿಟ್ಟು ಎಲೆಯ ಮೇಲೆ ಸಪ್ಪಗೆ ಬಿದ್ದಿರುವುದು ಕಂಡಿತು. ಬುಟ್ಟಿ ಮೊದಲಿನಂತೆ ತುಂಬತೊಡಗಿತು. ಶಿವರಾತ್ರಿ ಕಳೆಯುವಷ್ಟರಲ್ಲಿ ಸಂಪದಾಳ ಬೆರಳ ಸಂದಿಯಲ್ಲಿ ಹೊಸ ಚರ್ಮ, ತೆಳ್ಳಗೆ, ಗುಲಾಬಿ ಬಣ್ಣದ್ದು. ಪೆನ್ಸಿಲ್ ಮತ್ತೆ ಬಲಗೈಗೆ ಬಂತು. ಮಾಲತಿ ಯಾರಿಗೂ ಹೇಳದೆ ದಿನಾ ಆ ಬೆರಳುಗಳನ್ನು ನೋಡುವಳು, ಜಡೆ ಹಾಕುವ ನೆವದಲ್ಲಿ.

ಅಷ್ಟರಲ್ಲಿ ಆ ಎಂಜಲಿನ ಮಾತಿಗೆ ಕಾಲು ಬಂತು.

ಎಂಜೈಮಿಗೆ ಊರವರ ಬಾಯಲ್ಲಿ ಒಂದು ಪದವಿರಲಿಲ್ಲ. ಕಿಣ್ವ ಎಂಬುದು ಅಮೂಲ್ಯಾಳ ಬಾಯಲ್ಲೇ ಉಳಿಯಿತು. ಎಂಜಲಿಗೆ ಮಾತ್ರ ಎಲ್ಲ ಭಾಷೆಯಲ್ಲೂ ಪದ ತಯಾರಿತ್ತು. ಕೊಂಕಣಿಯವರ ಕೇರಿಗೆ ಹೋದಾಗ ಅದು ಉಷ್ಟೆಂ ಆಯಿತು. ಮದುವೆ ಮನೆಗೆಂದು ಮಲ್ಲಿಗೆ ಕೊಳ್ಳುತ್ತಿದ್ದ ನವಾಯತ ಮುಸ್ಲಿಮರ ಬೀದಿಯಲ್ಲಿ ಜೂಠಾ ಆಯಿತು. ಅಲ್ಲಿನ ಒಬ್ಬ ಅಮ್ಮ ಬಾಗಿಲಲ್ಲಿ ನಿಂತು, “ಜಹರ್, ವಿಷ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ? ಆದ್ರೆ ಬೀಗಿತ್ತಿ ಈ ಮಾತು ಕೇಳಿಬಿಟ್ಟಿದಾಳೆ, ಏನು ಮಾಡ್ಲಿ ಮಗಳೇ” ಎಂದು ಕೈ ತಿರುವಿದರು. ಬಸ್ಸು ಹತ್ತಿದ ಮಾತು ಹೊನ್ನಾವರದಲ್ಲಿ ಇಳಿಯಿತು, ಕುಮಟೆಯಲ್ಲಿ ಇಳಿಯಿತು. ಬೇರೆಲ್ಲದರಲ್ಲೂ ಒಬ್ಬರನ್ನೊಬ್ಬರು ಒಪ್ಪದ ಜನ ಇದೊಂದರಲ್ಲಿ ಒಟ್ಟಾದರು.

ವಿಶ್ವನಾಥ ಬುಟ್ಟಿ ನೂಕಿದ ದಿನ ಮಧ್ಯಾಹ್ನ ಕಮಲಿ ಬಂದು ಹೊಸಿಲ ಮೇಲೆ ಕೂತಳು. ಅರಳಿದ ಮಲ್ಲಿಗೆಯಿಂದ ಮನೆಯೆಲ್ಲ ಘಮಘಮಿಸುತ್ತಿತ್ತು.

“ಎಂತಕ್ಕೆ ಒಬ್ಬಳೇ ಉರೀತೆ? ಅವ ಹಾಂಗೇ ಹೇಳೂದು.”

“ಜೇನು ಎಂತದು ಕಮಲಿ? ಹುಳದ ಬಾಯಿಂದ ಬಂದದ್ದಲ್ದಾ? ಪಂಚಾಮೃತಕ್ಕೆ ಹಾಕೂದಿಲ್ವಾ?”

“ಹೌದಲೇ.”

“ಪಟ್ಟೆಸೀರೆ? ಹುಳ ಬಾಯಿಂದ ಉಗುಳಿದ ನೂಲು. ಅದನ್ನ ಉಟ್ಕಂಡ್ರೆ ಮಡಿ.”

“ಅಯ್ಯೋ, ಹಾಂಗಾದ್ರೆ ನಾ ಮದುವೆಯಲ್ಲಿ ಎಂಜಲು ಉಟ್ಕಂಡೇ ಕೂತಿದ್ದೆ!” ಕಮಲಿ ಬಿದ್ದು ಬಿದ್ದು ನಕ್ಕಳು. ನಂತರ ದನಿ ತಗ್ಗಿಸಿ, “ಹೇಳ್ಲಿಕ್ಕೆ ಎಲ್ಲ ಸರಿ ಮಾರಾಯ್ತಿ. ಆದ್ರೆ ಕಟ್ಟೆಯಲ್ಲಿ ನಿಂತು ಇದನ್ನೆಲ್ಲ ಯಾರು ಹೇಳ್ತ್ರು?” ಎಂದಳು.

ಅದೇ ವಾರ ಅಮೂಲ್ಯಾ ಬಂದಳು. ಮುಖ ಸಣ್ಣ ಮಾಡಿಕೊಂಡಿದ್ದಳು. “ಮಾಲತಿ ಅಕ್ಕ, ತಪ್ಪು ನಂದೇ. ನಾ ಆ ಎಂಜಲಿನ ಉದಾಹರಣೆ ಕೊಡಬಾರದಿತ್ತು. ಡಬ್ಬಿಯ ಮೇಲೆ ಹೆಸರು ಬದಲಿಸ್ತೇವೆ. ‘ಮಲ್ಲಿಗೆ ಸಂಜೀವಿನಿ’ ಅಂತ ಏನಾದ್ರೂ. ಇನ್ನು ಮೇಲೆ ನೀವೂ ಹಾಗೇ ಹೇಳಿ.”

ಅಷ್ಟರಲ್ಲಿ ಅವಳ ತಾಯಿಯ ಫೋನು ಬಂತು. “ಆಯಿ, ಈಗ ಪುರ್ಸೊತ್ತು ಇಲ್ಲೆ, ಕೆಲಸ ಇದ್ದು” ಎಂದು ಬೇಗ ಇಟ್ಟಳು. ಮಾಲತಿಗೆ ಏನೋ ನೆನಪಾಯಿತು.

“ಮೇಡಂ, ಹಬ್ಬಕ್ಕೆ ನಮ್ಮ ದಂಡೆ ನಿಮ್ಮ ಆಯಿಗೆ ಹೇಳಿ ಒಯ್ದಿದ್ರಲ್ಲ. ಅವರು ಎಂತ ಮಾಡಿದ್ರು?”

ಅಮೂಲ್ಯಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಅಜ್ಜನ ಫೋಟೋಕ್ಕೆ ಹಾಕಿದ್ಲು.”

“ದೇವರಿಗೆ?”

“ಹಾಕ್ಲಿಲ್ಲ.”

“ಅಂದ್ರೆ ಸತ್ತವರಿಗೆ ಆಗ್ತದೆ, ದೇವರಿಗೆ ಆಗೂದಿಲ್ಲ.” ಮಾಲತಿಯ ದನಿ ಏರಿತು. “ನಿಮ್ಮ ಮನೆಯಲ್ಲೇ ಹಾಂಗೆ. ಮತ್ತೆ ನಾ ಕಟ್ಟೆಯಲ್ಲಿ ಸಂಜೀವಿನಿ ಹೇಳಿ ಸುಳ್ಳು ಹೇಳ್ಬೇಕಾ? ವಿಷಕ್ಕೆ ಔಷಧಿ ಹೇಳಿ ಹೆಸರಿಟ್ಟವರು ಮೊದಲೇ ಒಬ್ಬರಿದ್ದಾರೆ. ನಾನೂ ಹೆಸರಿನ ಆಟ ಆಡೂದಾ? ನಾ ಎಂತ ಕದ್ದಿದ್ದೇನೆ ಮೇಡಂ, ಅಡಗಿಸಿಕೊಂಡು ಮಾರ್ಲಿಕ್ಕೆ?”

ಅಮೂಲ್ಯಾ ಕಣ್ಣು ಒರೆಸಿಕೊಂಡಳು. ಮಾಲತಿಗೆ ಮರುಕ ಬಂತು, ಚಹಾ ಮಾಡಿ ಕೊಟ್ಟಳು. ಸಿಟ್ಟು ಮಾತ್ರ ಇಳಿಯಲಿಲ್ಲ.

ಮನೆಯೊಳಗೇ ಇನ್ನೊಂದು ಕಷ್ಟ ಕಾದಿತ್ತು. ಗಣಪ ಬಂದರಿನಿಂದ ಬರುವಾಗ ಮತ್ತೆ ಆ ಔಷಧಿಯ ಬಾಟ್ಲಿ ತಂದಿದ್ದ. ಅದನ್ನು ಪಂಪಿನ ಪಕ್ಕ ಇಟ್ಟು, ಕೈಕಾಲು ತೊಳೆದು, ಜಗುಲಿಯಲ್ಲಿ ಕೂತ. ಕೆಟ್ಟ ಮನುಷ್ಯನಲ್ಲ. ಮಗಳ ಕೈಗೆ ಮುಲಾಮು ಹಚ್ಚಿ ಊದುತ್ತಿದ್ದವನೂ ಅವನೇ.

“ಹೂವು ಗಿಡದ ಮೇಲೇ ಅರಳಿ ಉದುರೂದು ನಂಗೆ ನೋಡ್ಲಿಕ್ಕೆ ಆಗೂದಿಲ್ಲ ಮಾಲತಿ. ಎಲ್ಲರೂ ಹೊಡೆದದ್ದನ್ನೇ ನಾವೂ ಹೊಡೆಯುವ. ಸಂಪದಾ ಕೊಯ್ಯೂದು ಬೇಡ, ಅಷ್ಟೇ.”

“ನಾ ಬೇಡ ಹೇಳಿದ್ರೆ ಕೂಸು ಕೇಳ್ತದಾ? ಕೊಯ್ಯದಿದ್ರೂ ಗಿಡ ಇರೂದು ಅದು ಮಲಗೂ ಕಿಟಕಿ ಹೊರಗೇ ಅಲ್ದಾ?”

“ಮತ್ತೆ ಎಂತ ಮಾಡೂದು? ನೀನೇ ಹೇಳು.”

“ಒಂದೆರಡು ದಿನ ಕೊಡಿ. ವಿಶ್ವಣ್ಣನ ಮನೆಗೆ ಹೋಗಿ ಬರ್ತೆ. ಕಟ್ಟೆಯಲ್ಲಿ ಹತ್ತು ಜನರ ಎದುರು ಗಂಡಸು ಸೋಲೂದಿಲ್ಲ. ಮನೆಯಲ್ಲಿ ಕೂತು ಹೇಳಿದ್ರೆ ಕೇಳಬಹುದು.”

ಗಣಪ ಬಾಟ್ಲಿಯ ಕಡೆ ನೋಡಿ, “ಆತು. ಅವನೂ ಆಗೂದಿಲ್ಲ ಹೇಳಿದ್ರೆ ನಾಳೆ ಸಂಜೆ ಹೊಡೀತೆ” ಎಂದ.

ವಿಶ್ವನಾಥನ ಮನೆ ಹೊನ್ನಾವರದ ದಾರಿಯಲ್ಲಿರುವ ಮಂಕಿ ಎಂಬ ಊರಲ್ಲಿ. ಮರುದಿನ ಮಾಲತಿ ಮಧ್ಯಾಹ್ನದ ಬಸ್ಸು ಹಿಡಿದು ಹೋದಾಗ ಅವನು ಹೊನ್ನಾವರದಿಂದ ಇನ್ನೂ ಬಂದಿರಲಿಲ್ಲ. ಹೆಂಡತಿ ರಂಜಿತಾ ಬಾಯಿ ತುಂಬ ಕರೆದು ಕೂರಿಸಿದಳು. ಹೂವಿನ ಸುದ್ದಿ ಅವಳಿಗೆ ಗೊತ್ತಿದ್ದಂತಿರಲಿಲ್ಲ, ಗೊತ್ತಿದ್ದರೂ ತೋರಿಸಲಿಲ್ಲ. ಬೆಲ್ಲ, ನೀರು, ಚಹಾ, ಮಕ್ಕಳ ಪರೀಕ್ಷೆ, ಮೀನಿನ ರೇಟು ಎಲ್ಲ ಮುಗಿಯಿತು. ಅವನು ಬರಲಿಲ್ಲ. ಮಾಲತಿ ಬೇಜಾರಿನಿಂದ ಎದ್ದಳು.

“ಹೋಯ್, ಹಾಂಗೇ ಹೋಗೂದಾ? ಕುಂಕುಮ ತಕಂಡು ಹೋಗು.”

ಮುತ್ತೈದೆ ಮನೆಗೆ ಬಂದರೆ ಕುಂಕುಮ, ಹೂವು ಕೊಡದೆ ಕಳಿಸುವ ಪದ್ಧತಿಯಿಲ್ಲ. ರಂಜಿತಾ ಕುಂಕುಮದ ಬಟ್ಟಲು ತಂದಿಟ್ಟು, ಹಿತ್ತಿಲಿಗೆ ಹೋಗಿ ಸೆರಗಿನ ತುಂಬ ಮಲ್ಲಿಗೆ ಮೊಗ್ಗು ಕಿತ್ತು ತಂದಳು. ಬಾವಿಕಟ್ಟೆಯ ಪಕ್ಕ ಒಂದೇ ಒಂದು ಗಿಡ, ಸೊಂಪಾಗಿ ಬೆಳೆದದ್ದು. ಮಾಲತಿಗೆ ಆಶ್ಚರ್ಯವಾಯಿತು.

“ಕಟ್ಟೆಗೆ ಅಷ್ಟು ಹೂವು ಬರ್ತದೆ, ಮನೆಗೆ ತರೂದಿಲ್ವಾ ಅತ್ತಿಗೆ?”

“ಅಯ್ಯೋ, ಅದನ್ನ ಇವರು ಮನೆಯೊಳಗೆ ತರಲಿಕ್ಕೇ ಬಿಡೂದಿಲ್ಲ! ನಮ್ಮ ಮಗಳಿಗೆ ಅದನ್ನ ಮುಡಿದ್ರೆ ತಲೆನೋವು. ದೇವರಿಗೂ ಇದೇ, ಮುಡೀಲಿಕ್ಕೂ ಇದೇ. ಔಷಧಿ ಮುಟ್ಟಿಸ್ಲಿಲ್ಲ ನೋಡು, ಧೈರ್ಯದಿಂದ ಮುಡ್ಕ.”

ಮಾಲತಿ ಕೈಚಾಚಿ ತೆಗೆದುಕೊಂಡಳು. ಅಂಗೈಯ ಮೇಲೆ ಮೊಗ್ಗುಗಳನ್ನು ಹರಡಿದಳು. ಅಭ್ಯಾಸದ ಕಣ್ಣು, ಬೇಡವೆಂದರೂ ನೋಡಿಯೇ ನೋಡುತ್ತದೆ. ಅರ್ಧಕ್ಕರ್ಧ ಮೊಗ್ಗಿಗೆ ಸೂಜಿಯ ತೂತು. ಕೆಲವು ನೇರಳೆಗೆ ತಿರುಗುತ್ತಿದ್ದವು. ಒಂದರ ತೂತಿನಿಂದ ಕಪ್ಪು ತಲೆಯೊಂದು ಹೊರಗೆ ಇಣುಕಿ, ಮತ್ತೆ ಒಳಗೆ ಹೋಯಿತು.

ಆಗಲೇ ಅಂಗಳದಲ್ಲಿ ಬೈಕು ನಿಂತ ಸದ್ದು. ವಿಶ್ವನಾಥ ಒಳಗೆ ಬಂದವನು ಮಾಲತಿಯನ್ನು ಕಂಡು ಅರೆಗಳಿಗೆ ನಿಂತ. “ಓಹೋ, ಇಲ್ಲಿವರೆಗೆ ಬಂದ್ಯಾ?”

ಮಾಲತಿ ಬರುವಾಗ ಬೇಡಿಕೊಳ್ಳುವ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಕಷ್ಟದ ಮಾತು, ಮಗಳ ಮಾತು, ಇಷ್ಟು ವರ್ಷದ ವಿಶ್ವಾಸದ ಮಾತು. ಅವೆಲ್ಲ ಎಲ್ಲಿಗೆ ಹೋದವೋ. ಅವನ ಕೈ ಹಿಡಿದೆಳೆದು ಆ ಮೊಗ್ಗನ್ನು ಅಂಗೈಯಲ್ಲಿಟ್ಟಳು. ಹುಳ ಹೊರಗೆ ಬಂದು ಅವನ ಹೆಬ್ಬೆರಳಿನ ಕಡೆಗೆ ತೆವಳಿತು.

“ಇದು ಎಂತದು ವಿಶ್ವಣ್ಣ?”

“ಹುಳ.”

“ಇದು ತಿಂದು ಬಿಟ್ಟ ಮೊಗ್ಗು ಎಂತದು?”

ಅವನು ಕೈ ಹಿಂದಕ್ಕೆಳೆಯಲು ನೋಡಿದ.

“ನಾ ಹೇಳ್ತೆ. ಹುಳದ ಎಂಜಲು ಹೇಳಿದ್ರೆ ಇದು. ಹುಳ ಸ್ವತಃ ಬಾಯಿ ಹಾಕಿ ತಿಂದು ಬಿಟ್ಟದ್ದು. ಇದು ನಿಮ್ಮ ದೇವರಿಗೆ ಆಗ್ತದೆ. ನಿಮ್ಮ ಮಗಳ ಜಡೆಗೆ ಆಗ್ತದೆ. ಹುಳ ಮುಟ್ಟದ ನನ್ನ ಹೂವು ಎಂಜಲು! ಕಾಲಲ್ಲಿ ನೂಕಿದ್ರಿ. ಕಾಲಲ್ಲಿ!”

“ಎಂತ, ಕಾಲಲ್ಲಾ?” ರಂಜಿತಾ ಗಂಡನ ಮುಖ ನೋಡಿದಳು.

ವಿಶ್ವನಾಥ ಹುಳವನ್ನು ಕೊಡವಿ, ಜಗುಲಿಯ ಮೇಲೆ ಕೂತ. ಟವೆಲಿನಿಂದ ಕತ್ತು ಒರೆಸಿಕೊಂಡ. ಮತ್ತೆ ಮಾತಾಡಿದಾಗ ಕಟ್ಟೆಯ ದನಿಯಲ್ಲ, ಮನೆಯ ದನಿ.

“ನಂಗೆ ಗೊತ್ತಿಲ್ವಾ ಮಾಲತಿ? ನಿನ್ನ ಹೂವಿಗೆ ಎಂತದೂ ಆಗ್ಲಿಲ್ಲ. ಒಳ್ಳೆ ಹೂವೇ. ಅದೇ ಗೋಳು. ಕುಮಟೆಯಲ್ಲಿ ಹೂವು ತಕಳ್ಳೂ ಒಬ್ಬಳು ಕೇಳಿದ್ಲು, ಈ ಭಟ್ಕಳದ್ದು ಒಂದು ಬುಟ್ಟಿಯಲ್ಲಿ ವಿಷ ಇಲ್ವಂತೆ, ಹೌದಾ? ಹೌದು ಅಂದೆ. ಹಾಂಗಾದ್ರೆ ಉಳಿದ ಬುಟ್ಟಿಯಲ್ಲಿ ಇದ್ಯಾ ಕೇಳಿದ್ಲು. ನಾ ಎಂತ ಹೇಳೂದು? ಎಂಜಲು ಅಂದ್ರೆ ನಿನ್ನೊಬ್ಬಳ ಹೂವು ಹೋತು. ವಿಷ ಅಂದ್ರೆ ಇಡೀ ಕಟ್ಟೆ ಹೋತು.”

ಮಾಲತಿಗೆ ಆಗ ಅರ್ಥವಾಯಿತು. ತಿಮ್ಮಿ ಅಜ್ಜಿಯ ಮಂದ ಕಿವಿಯಿಂದ ಹುಟ್ಟಿದ ನಗೆಚಾಟಿಕೆ ತಾನಾಗಿ ಬಸ್ಸು ಹತ್ತಿದ್ದಲ್ಲ. ಇವನು ಹತ್ತಿಸಿದ್ದು.

“ನೀವೇ ಹಬ್ಬಿಸಿದ್ದಾ?”

“ನಾ ಒಂದು ಕಡೆ ಹೇಳ್ದೆ, ಅಷ್ಟೇ. ಉಳಿದದ್ದು ಜನ ಹೇಳಿದ್ರು.” ಅವನು ಕಣ್ಣೆತ್ತಲಿಲ್ಲ. “ಈಗ ಒಂದು ಕೆಲಸ ಮಾಡುವ. ನಾಳೆಯಿಂದ ಹೂವು ತಕಂಡು ಬಾ. ಬೇರೆಯವರ ಹೂವಿನ ಜೊತೆ ಕಲಸಿ ಕಟ್ಟಿಸಿ ಕಳಿಸ್ತೆ. ನಿಂದು ಹೇಳಿ ಯಾರಿಗೂ ಗೊತ್ತಾಗೂದಿಲ್ಲ. ನೀನೂ ಹೇಳ್ಬೇಡ. ಆತಾ?”

ಬಂದ ಕೆಲಸ ಆಗಿತ್ತು. ಹೂವು ಹೋಗುತ್ತದೆ, ಗಣಪ ಬಾಟ್ಲಿ ಬಿಚ್ಚುವುದಿಲ್ಲ, ಸಂಪದಾಳ ಬೆರಳು ಉಳಿಯುತ್ತದೆ. ಒಂದು ‘ಆತು’ ಎಂದರೆ ಸಾಕು. ಬಸ್ಸಿನಲ್ಲಿ ಬರುವಾಗ ಇಷ್ಟು ಸಿಕ್ಕರೆ ಅವನ ಕಾಲಿಗೆ ಬೀಳಲೂ ಅವಳು ತಯಾರಿದ್ದಳು.

“ನನ್ನ ಹೂವನ್ನ ವಿಷದ ಜೊತೆ ಕಲಸಿದ್ರೆ ಅದು ಶುದ್ಧ ಆಗ್ತದಾ ವಿಶ್ವಣ್ಣ?”

“ಹಟ ಮಾಡ್ಬೇಡ. ನಿಂಗೆ ಹೂವು ಹೋಗ್ಬೇಕೋ, ಬೇಡವೋ?”

“ಹೋಗ್ಬೇಕು. ನಂದು ಹೇಳಿಯೇ ಹೋಗ್ಬೇಕು.”

ಅವಳು ಕುಂಕುಮ ಹಚ್ಚಿಕೊಂಡಳು. ಹುಳ ತಿನ್ನದ ಎರಡು ಮೊಗ್ಗು ಆರಿಸಿ ಮುಡಿದುಕೊಂಡಳು, ರಂಜಿತಾಳ ತಪ್ಪೇನೂ ಇರಲಿಲ್ಲವಲ್ಲ. ಉಳಿದದ್ದನ್ನು ಬಟ್ಟಲ ಪಕ್ಕ ಇಟ್ಟು ಇಳಿದು ಬಂದಳು.

ಸಂಜೆ ಗಣಪ ಪಂಪಿಗೆ ನೀರು ತುಂಬುತ್ತಿದ್ದ. ಮಾಲತಿ ನಡೆದದ್ದೆಲ್ಲ ಹೇಳಿದಳು. ಮಂಕಿಯ ಬಾವಿಕಟ್ಟೆಯ ಗಿಡದ ಸುದ್ದಿಗೆ ಬಂದಾಗ ಅವನ ಕೈ ನಿಂತಿತು. “ಅವನ ಮಗಳಿಗೆ ತಲೆನೋವಾ?” ಎಂದು ಕೇಳಿದ. ಪಂಪಿನ ನೀರನ್ನು ಬಸಳೆಯ ಬುಡಕ್ಕೆ ಚೆಲ್ಲಿದ.

ಮರುದಿನ ಬೆಳಿಗ್ಗೆ ಮಾಲತಿ ವಿಶ್ವನಾಥನ ಮುಂದೆ ನಿಲ್ಲಲಿಲ್ಲ. ಕಟ್ಟೆಗೆ ಎದುರಾಗಿ, ಇನ್ನೂ ಬಾಗಿಲು ತೆರೆಯದ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಬಾಳೆಲೆ ಸರಿಸಿದಳು. ಗಣಪ ಬಂದರಿಗೆ ಹೋಗದೆ ಸ್ಕೂಟರಿಗೆ ಒರಗಿ ದೂರದಲ್ಲಿ ನಿಂತಿದ್ದ. ಬಸ್ಸಿಗೆ ಬರುವವರು, ಕೆಲಸಕ್ಕೆ ಹೋಗುವವರು, ಪೂಜೆಗೆಂದು ಹೂವು ಕೊಳ್ಳುವವರು ಬರತೊಡಗಿದರು. ಜೀವಮಾನದಲ್ಲಿ ಅವಳು ಕೂಗಿ ಮಾರಿದವಳಲ್ಲ.

“ಎಂಜಲು ಹೂವು!” ಎಂದಳು. ದನಿ ಅವಳಿಗೇ ಕೇಳಲಿಲ್ಲ. ಇನ್ನೊಮ್ಮೆ ಉಸಿರು ಎಳೆದುಕೊಂಡಳು. “ಎಂಜಲು ಹೂವು! ಹುಳದ ಎಂಜಲು ಹೊಡೆದ ಹೂವು! ವಿಷ ಇಲ್ಲ! ಮೂಸಿ ನೋಡಿ ತಕಳ್ಳಿ!”

ಪೇಟೆ ಒಂದು ಕ್ಷಣ ತಿರುಗಿ ನೋಡಿತು. ಯಾರೋ ನಕ್ಕರು. ಹೊನ್ನಾವರದ ಆಸ್ಪತ್ರೆಗೆ ಕೆಲಸಕ್ಕೆ ಹೋಗುವ ನರ್ಸೊಬ್ಬಳು ಬಸ್ಸಿನ ಕಡೆ ಓಡುತ್ತಿದ್ದವಳು ಥಟ್ಟನೆ ನಿಂತಳು.

“ಎಂತ ಹೇಳಿದ್ರಿ? ಮೂಸಬಹುದಾ?”

“ಮೂಸಿ.”

“ದೇವರ ಹೂವು ಅಲ್ವಾ?”

“ನಾ ಇಷ್ಟು ವರ್ಷ ಮೂಸದೇ ಕೊಟ್ಟೆ. ದೇವರಿಗೆ ವಿಷವೇ ಮುಟ್ಟಿತು. ನೀವು ಮೂಸಿ.”

ಆ ಹುಡುಗಿ ಆಚೀಚೆ ನೋಡಿ, ಬಗ್ಗಿ, ಬುಟ್ಟಿಗೆ ಮುಖ ತಂದಳು. ಕಣ್ಣು ಮುಚ್ಚಿಕೊಂಡಳು. ಬಸ್ಸು ಹಾರ್ನ್ ಹೊಡೆದರೂ ಏಳಲಿಲ್ಲ. “ನಮ್ಮ ಅಜ್ಜಿಮನೆ ಹೂವಿನ ಹಾಂಗೆ ಇದೆ” ಎಂದು ಒಂದು ದಂಡೆ ಕಟ್ಟಿಸಿಕೊಂಡು ಓಡಿದಳು.

ಎದುರು ಕಟ್ಟೆಯಿಂದ ವಿಶ್ವನಾಥ ಎದ್ದು ನಿಂತಿದ್ದ. “ನೋಡಿ, ನೋಡಿ! ಮೂಸಿದ ಹೂವು ಮಾರ್ತಾ ಕೂತಿದ್ದಾಳೆ! ನಾಚ್ಕೆ ಇಲ್ವಾ ನಿಂಗೆ?”

“ಹೌದು, ಮೂಸಿದ್ದೇ!” ಮಾಲತಿ ಕೂತಲ್ಲಿಂದಲೇ ಕೂಗಿದಳು. ಈಗ ದನಿ ಇಡೀ ಪೇಟೆಗೆ ಕೇಳಿತು. “ನಿಮ್ಮ ಬುಟ್ಟಿಯನ್ನೂ ಒಂದು ಸಲ ಮೂಸಲಿಕ್ಕೆ ಕೊಡಿ ಜನಕ್ಕೆ. ದೇವರಿಗೆ ಹೇಳಿ ಮನೆ ಬಾವಿಕಟ್ಟೆಯಲ್ಲಿ ಬೆಳೆಸಿದ್ದು ಬೇಡ, ಮುಡಿದ್ರೆ ನಿಮ್ಮ ಮಗಳಿಗೆ ತಲೆನೋವು ಬರ್ತದಲ್ಲ, ಈ ಕಟ್ಟೆಯದ್ದು, ಅದನ್ನ ಕೊಡಿ!”

ವಿಶ್ವನಾಥನ ಕೈ ತಾನಾಗಿ ಕೆಳಗೆ ಹೋಗಿ, ಒದ್ದೆ ಗೋಣಿಯನ್ನು ಎಳೆದು ಬುಟ್ಟಿಗಳ ಮೇಲೆ ಮುಚ್ಚಿತು. ಸುತ್ತ ನಿಂತ ಬೆಳೆಗಾರರಲ್ಲಿ ಯಾರೂ ನಗಲಿಲ್ಲ. ಕಮಲಿ ತನ್ನ ಬೆರಳ ಸಂದಿಯನ್ನು ಸೆರಗಿನಿಂದ ತಿಕ್ಕಿಕೊಳ್ಳುತ್ತಿದ್ದಳು.

ಅವನ ಬಳಿ ಆಗಷ್ಟೇ ಹೂವು ಕೊಂಡಿದ್ದ ಒಬ್ಬರು ಮುದುಕರು, ಪಂಚೆಯುಟ್ಟು ದೇವಸ್ಥಾನಕ್ಕೆ ಹೊರಟವರು, ಕಟ್ಟೆಯ ಪಕ್ಕದಲ್ಲೇ ನಿಂತಿದ್ದರು. ಗೋಣಿ ಮುಚ್ಚಿದ ಬುಟ್ಟಿಗಳನ್ನು ನೋಡಿದರು. ಮೆಟ್ಟಿಲ ಮೇಲೆ ತೆರೆದಿಟ್ಟ ಬುಟ್ಟಿಯನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಬಾಳೆಲೆಯ ಪೊಟ್ಟಣದ ಕಟ್ಟನ್ನು ನಿಧಾನವಾಗಿ ಬಿಚ್ಚಿ, ಮಾಡಬಾರದ್ದನ್ನು ಮಾಡುವವರ ಹಾಗೆ ಒಮ್ಮೆ ಹಿಂದೆ ತಿರುಗಿ ನೋಡಿ, ಅದನ್ನು ಮೂಗಿನ ಹತ್ತಿರ ತಂದರು.